ಚಕ್ರದ ಲಾಕಿಂಗ್ ನಟ್: ಬಿಚ್ಚುವ ಬಗೆ

ಬೆಲೆಬಾಳುವ ಅಲಾಯ್ ಚಕ್ರಗಳ ಕಳವು ತಡೆಯಲು ಪ್ರತಿ ಚಕ್ರಕ್ಕೆ ಒಂದರಂತೆ ಲಾಕಿಂಗ್ ನಟ್ ಅಳವಡಿಸುವುದುಂಟು. ಇದರ ತಲೆಯಲ್ಲಿ ವಿಶಿಷ್ಟ ವಿನ್ಯಾಸದ ತೋಡುಗಳಿದ್ದು, ಅದಕ್ಕೆ ಹೊಂದುವ ಉಕ್ಕಿನ ಕೀಲಿಯನ್ನು ತೊಡಿಸದ ಹೊರತು ಪಾನಾ ಹಿಡಿಯದು. ಕೀಲಿ ಕಳೆದರೆ ಅಥವಾ ನಟ್ ಜಪ್ಪಯ್ಯ ಎಂದರೂ ಕದಲದಿದ್ದರೆ, ಸ್ಟೆಪ್ನಿ ಇದ್ದೂ ಪಂಕ್ಚರ್ ಆದ ಕಾರು ನಡುದಾರಿಯಲ್ಲೇ ಉಳಿಯುತ್ತದೆ.

ಕಾರಣಗಳು: ತುಕ್ಕು, ಕೀಲಿಯ ಸವೆತ, ಗಾಳಿ ಗನ್‌ನಿಂದ ಮಿತಿಮೀರಿದ ಬಿಗಿತ.

ಬಿಚ್ಚುವ ಕ್ರಮ: ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಜಾಕ್ ಏರಿಸುವ ಮುನ್ನವೇ ನಟ್ ಸಡಿಲಿಸಬೇಕು. ತೋಡುಗಳ ಮಣ್ಣು ತೆಗೆದು, ತುಕ್ಕು ಬಿಡಿಸುವ ಎಣ್ಣೆ ಹಾಕಿ 15-20 ನಿಮಿಷ ಕಾಯಬೇಕು. ಎಣ್ಣೆ ಬ್ರೇಕ್ ಡಿಸ್ಕ್‌ಗೆ ತಾಗಕೂಡದು. ಬಳಿಕ ಕೀಲಿಯನ್ನು ಪೂರ್ಣವಾಗಿ ಕೂರಿಸಿ, ಉದ್ದ ಹಿಡಿಯ ಪಾನಾದಿಂದ ಅಪ್ರದಕ್ಷಿಣವಾಗಿ ಒಂದೇ ಸಮನೆ ಬಲ ಹಾಕಬೇಕು. ಗಾಳಿ ಗನ್ ಬಳಸಿದರೆ ಕೀಲಿ ಮುರಿಯಬಹುದು.

ಕೀಲಿ ಇಲ್ಲದಿದ್ದರೆ: ಕೀಲಿಯೊಡನೆ ಬಂದ ಚೀಟಿಯಲ್ಲಿನ ಸಂಕೇತ ಸಂಖ್ಯೆ ನೀಡಿ ಬದಲಿ ಕೀಲಿ ಪಡೆಯಬಹುದು. ಸಂಖ್ಯೆಯೂ ಇಲ್ಲವಾದರೆ, ಒಳಗೆ ಸುರುಳಿ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ಟನ್ನು ನಟ್‌ನ ಮೇಲೆ ಬಡಿದು ಕೂರಿಸಿ ತಿರುಗಿಸಲಾಗುತ್ತದೆ. ಕೊರೆದು ತೆಗೆಯುವುದು ಕೊನೆಯ ಮಾರ್ಗ. ಇದನ್ನು ನುರಿತ ಮೆಕ್ಯಾನಿಕ್‌ಗೆ ಬಿಡುವುದೇ ಕ್ಷೇಮ. ಹೀಗೆ ತೆಗೆದ ನಟ್ ಮರುಬಳಕೆಗೆ ಯೋಗ್ಯವಲ್ಲ.

ಮರುಜೋಡಣೆ: ನಟ್‌ಗಳನ್ನು ಮೊದಲು ಕೈಯಿಂದ ತಿರುಗಿಸಿ, ನಂತರ ವಾಹನದ ಕೈಪಿಡಿ ಸೂಚಿಸಿದ ಪ್ರಮಾಣಕ್ಕೆ ಟಾರ್ಕ್ ರೆಂಚ್‌ನಿಂದ ಬಿಗಿಗೊಳಿಸಬೇಕು. ಟಯರ್ ಅಂಗಡಿಯಿಂದ ಹೊರಡುವ ಮುನ್ನ ಕೀಲಿಯನ್ನು ಮರಳಿ ಪಡೆದು ಸ್ಟೆಪ್ನಿಯ ಬಳಿ ಇಡಬೇಕು. ಅದು ಅಲ್ಲಿದೆಯೇ ಎಂಬುದನ್ನು ಪ್ರಯಾಣಕ್ಕೆ ಮೊದಲೇ ಪರೀಕ್ಷಿಸುವುದು ಒಳಿತು.