ಗಣಕಯಂತ್ರ ಚಾಲನೆಗೊಳ್ಳದಿದ್ದಾಗ: ಗೃಹಸ್ಥರು ತಿಳಿದಿರಬೇಕಾದ ಸಂಗತಿಗಳು

ಮೇ ತಿಂಗಳ ರಜೆಯಲ್ಲಿ ಊರಿಗೆ ತೆರಳಿ, ಮೊದಲ ಮಳೆಯ ಹೊತ್ತಿಗೆ ಮುಂಬಯಿಗೆ ಮರಳುವುದು ಇಲ್ಲಿಯ ಅನೇಕ ಕನ್ನಡಿಗ ಕುಟುಂಬಗಳ ಹಳೆಯ ವಾಡಿಕೆ. ಭಾಂಡುಪ್‌ನ ಮನೆಯ ಬಾಗಿಲು ತೆರೆದು, ಧೂಳು ಒರೆಸಿ, ಮೂಲೆಯ ಮೇಜಿನ ಗಣಕಯಂತ್ರದ ಗುಂಡಿ ಒತ್ತಿದರೆ ದೀಪವಿಲ್ಲ, ಫ್ಯಾನಿನ ಸದ್ದಿಲ್ಲ. ಅದರೊಳಗೆ ಮಗಳ ಮದುವೆಯ ಛಾಯಾಚಿತ್ರಗಳಿವೆ, ಸಂಘದ ಸದಸ್ಯರ ಪಟ್ಟಿಯಿದೆ, ಸ್ಮರಣ ಸಂಚಿಕೆಗೆಂದು ಹಿರಿಯರು ಬರೆದುಕೊಟ್ಟ ಲೇಖನಗಳಿವೆ. ಇಂತಹ ಆತಂಕದಲ್ಲಿ ಕೆಲವರು ಗುಂಡಿಯನ್ನು ಮತ್ತೆ ಮತ್ತೆ ಒತ್ತುತ್ತಾರೆ. ಇನ್ನು ಕೆಲವರು ಯಂತ್ರವನ್ನೇ ಗುಜರಿಗೆ ಕೊಟ್ಟು ಹೊಸದನ್ನು ಕೊಳ್ಳುತ್ತಾರೆ. ಎರಡೂ ಸರಿಯಲ್ಲ.

ಯಂತ್ರಕ್ಕೆ ವಿದ್ಯುತ್ ತಲುಪದಿರುವುದು ಬೇರೆ, ದಾಖಲೆಗಳು ನಾಶವಾಗುವುದು ಬೇರೆ. ನಮ್ಮ ದಾಖಲೆಗಳು ಹಾರ್ಡ್ ಡಿಸ್ಕ್ ಎಂಬ ಪ್ರತ್ಯೇಕ ಭಾಗದಲ್ಲಿರುತ್ತವೆ. ವಿದ್ಯುತ್ ಇಲ್ಲದಿದ್ದರೂ ಅವು ಅಲ್ಲಿ ಹಾಗೆಯೇ ಉಳಿಯುತ್ತವೆ. ಆದುದರಿಂದ ಗಾಬರಿಗೆ ಕಾರಣವಿಲ್ಲ. ವಿದ್ಯುತ್ ಗೋಡೆಯಿಂದ ಯಂತ್ರದೊಳಗೆ ಸಾಗುವ ದಾರಿಯನ್ನು ಅನುಕ್ರಮವಾಗಿ ಪರೀಕ್ಷಿಸುತ್ತ ಹೋದರೆ ದೋಷ ಎಲ್ಲಿದೆಯೆಂಬುದು ತಿಳಿಯುತ್ತದೆ.

ಮೊದಲು ದೋಷದ ಬಗೆ ಗುರುತಿಸಿ

ಗುಂಡಿ ಒತ್ತಿದಾಗ ಏನಾಗುತ್ತದೆಂಬುದನ್ನು ಗಮನವಿಟ್ಟು ನೋಡಬೇಕು. ದೀಪ, ಫ್ಯಾನು, ಸದ್ದು ಯಾವುದೂ ಇಲ್ಲದಿದ್ದರೆ ಅದು ವಿದ್ಯುತ್ತಿನ ತೊಂದರೆ. ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಾಗಿದ್ದರೆ ತೊಂದರೆ ಮಾನಿಟರ್, ಅದರ ಕೇಬಲ್, ಸ್ಮರಣಕೋಶ ಅಂದರೆ ರ್‍ಯಾಮ್ ಅಥವಾ ಗ್ರಾಫಿಕ್ಸ್ ಕಾರ್ಡಿನಲ್ಲಿರಬಹುದು. ಕ್ಷಣಕಾಲ ತಿರುಗಿ ನಿಂತುಹೋದರೆ ಒಳಗೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಆಗಿರುವ ಅಥವಾ ಪ್ರೊಸೆಸರಿನ ಫ್ಯಾನು ಸಡಿಲಗೊಂಡಿರುವ ಸಂಭವವಿದೆ. ತಂತ್ರಜ್ಞರಿಗೆ ದೂರವಾಣಿ ಮಾಡುವಾಗ ಈ ವಿವರವನ್ನು ಹೇಳಿದರೆ ಅವರ ಅರ್ಧ ಕೆಲಸ ಮುಗಿದಂತೆಯೇ.

ಗೋಡೆಯಿಂದ ಯಂತ್ರದವರೆಗೆ

ಭಾಂಡುಪ್ ಮತ್ತು ಮುಲುಂಡ್ ಪರಿಸರಕ್ಕೆ ವಿದ್ಯುತ್ ಒದಗಿಸುವುದು ಮುಖ್ಯವಾಗಿ ಮಹಾವಿತರಣ ಸಂಸ್ಥೆ. ಮನೆಗಳಿಗೆ ಬರುವುದು 230 ವೋಲ್ಟಿನ ಪೂರೈಕೆ. ವಿದ್ಯುತ್ ಹೋಗಿ ಮರಳುವ ಗಳಿಗೆಯಲ್ಲಿ ವೋಲ್ಟೇಜ್ ಏರಿಳಿದು ಯಂತ್ರಕ್ಕೆ ಪೆಟ್ಟು ಬೀಳುವುದುಂಟು. 12 ಅಕ್ಟೋಬರ್ 2020ರಂದು ಗ್ರಿಡ್ ವೈಫಲ್ಯದಿಂದ ಮುಂಬಯಿ ಮಹಾನಗರವೇ ಗಂಟೆಗಟ್ಟಲೆ ಕತ್ತಲಲ್ಲಿದ್ದುದನ್ನು ಓದುಗರು ಮರೆತಿರಲಾರರು. ವಿದ್ಯುತ್ ಹೋದಾಗ ಗಣಕಯಂತ್ರದ ಪ್ಲಗ್ ತೆಗೆದು, ಪೂರೈಕೆ ಮರಳಿದ ಹತ್ತು ನಿಮಿಷಗಳ ಬಳಿಕ ಜೋಡಿಸುವುದು ಒಳ್ಳೆಯ ಅಭ್ಯಾಸ.

ಪರೀಕ್ಷೆಯ ಕ್ರಮ ಹೀಗಿರಲಿ:

1. ಗೋಡೆಯ ಸಾಕೆಟ್ಟಿಗೆ ಮೇಜಿನ ದೀಪ ಅಥವಾ ಮೊಬೈಲ್ ಚಾರ್ಜರ್ ಜೋಡಿಸಿ ವಿದ್ಯುತ್ ಇದೆಯೇ ಎಂದು ನೋಡಿ. ಇಲ್ಲವಾದರೆ ಎಂಸಿಬಿ ಬಿದ್ದಿದೆಯೇ ಪರಿಶೀಲಿಸಿ. ಗಣಕಯಂತ್ರ ಜೋಡಿಸಿದ ಕೂಡಲೇ ಎಂಸಿಬಿ ಬೀಳುತ್ತಿದ್ದರೆ ಮತ್ತೆ ಪ್ರಯತ್ನಿಸಕೂಡದು. ಒಳಗೆ ಶಾರ್ಟ್ ಸರ್ಕ್ಯೂಟ್ ಆಗಿದೆಯೆಂದೇ ತಿಳಿಯಬೇಕು.

2. ಎಕ್ಸ್‌ಟೆನ್ಷನ್ ಬೋರ್ಡು ಮತ್ತು ಯುಪಿಎಸ್‌ಗಳನ್ನು ಬದಿಗಿರಿಸಿ, ಯಂತ್ರವನ್ನು ನೇರವಾಗಿ ಗೋಡೆಗೆ ಜೋಡಿಸಿ. ಮನೆಯ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ ಇರುವ 12 ವೋಲ್ಟಿನ ಸೀಸದ ಬ್ಯಾಟರಿ ಕೆಲವೇ ವರ್ಷಗಳಲ್ಲಿ ಸೋಲುತ್ತದೆ. ಎಷ್ಟೋ ಬಾರಿ 'ಕಂಪ್ಯೂಟರ್ ಸತ್ತಿದೆ' ಎಂದು ಕೊಂಡೊಯ್ದ ಮನೆಗಳಲ್ಲಿ ಸತ್ತಿರುವುದು ಯುಪಿಎಸ್‌ನ ಬ್ಯಾಟರಿ ಮಾತ್ರ. ಲೇಸರ್ ಪ್ರಿಂಟರನ್ನು ಸಣ್ಣ ಯುಪಿಎಸ್‌ಗೆ ಎಂದೂ ಜೋಡಿಸಬಾರದು.

3. ಯಂತ್ರದ ಹಿಂಬದಿಯ ಕಪ್ಪು ಕೇಬಲನ್ನು ತೆಗೆದು ಗಟ್ಟಿಯಾಗಿ ಮತ್ತೆ ಜೋಡಿಸಿ. ಮಾನಿಟರಿಗೂ ಹೆಚ್ಚಾಗಿ ಇಂತಹುದೇ ಕೇಬಲ್ ಇರುವುದರಿಂದ ಅದನ್ನು ಅದಲುಬದಲು ಮಾಡಿ ನೋಡಬಹುದು.

4. ಕೇಬಲ್ ಸೇರುವ ಜಾಗದ ಪಕ್ಕದಲ್ಲಿ ಗೆರೆ ಮತ್ತು ಸೊನ್ನೆಯ ಗುರುತಿರುವ ಸಣ್ಣ ಸ್ವಿಚ್ ಇರುತ್ತದೆ. ಗೆರೆಯ ಬದಿ ಒತ್ತಿರಬೇಕು. ಮನೆ ಗುಡಿಸುವಾಗ ಕೈತಗುಲಿ ಇದು ಆರಿಹೋಗಿರುವುದು ಅಪರೂಪವಲ್ಲ. ಹಳೆಯ ಯಂತ್ರಗಳಲ್ಲಿ 115 ಮತ್ತು 230 ಎಂದು ಬರೆದ ಕೆಂಪು ಸ್ವಿಚ್ ಕೂಡ ಇರುತ್ತದೆ. ನಮ್ಮ ದೇಶದಲ್ಲಿ ಅದು ಸದಾ 230ರಲ್ಲಿಯೇ ಇರಬೇಕು. ಮಕ್ಕಳ ಕೈಯಿಂದ 115ಕ್ಕೆ ಸರಿದರೆ ವಿದ್ಯುತ್ ಹಾಯಿಸಿದ ಕ್ಷಣವೇ ಒಳಗಿನ ಘಟಕ ಸುಟ್ಟುಹೋಗಬಹುದು.

5. ಪ್ಲಗ್ ಪೂರ್ತಿ ತೆಗೆದು, ಚಾಲನೆಯ ಗುಂಡಿಯನ್ನು ಸುಮಾರು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಒಳಗೆ ಉಳಿದಿರುವ ವಿದ್ಯುದಂಶ ಇದರಿಂದ ಇಳಿದುಹೋಗುತ್ತದೆ. ಪ್ರಿಂಟರ್, ಪೆನ್ ಡ್ರೈವ್ ಮೊದಲಾದವುಗಳನ್ನು ಬೇರ್ಪಡಿಸಿ, ಮತ್ತೊಮ್ಮೆ ಚಾಲನೆಗೊಳಿಸಿ ನೋಡಿ.

ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ಮೆನ್ನುವ ಅನುಭವವಾದರೆ ಅದು ಮನೆಯ ಅರ್ಥಿಂಗ್ ಸರಿಯಿಲ್ಲವೆಂಬುದರ ಸೂಚನೆ. ಹಳೆಯ ಚಾಳುಗಳಲ್ಲಿ ಮೂರು ಕಾಲಿನ ಸಾಕೆಟ್ ಇದ್ದರೂ ಮೂರನೆಯ ತಂತಿ ಎಲ್ಲಿಗೂ ಜೋಡಣೆಯಾಗಿರುವುದಿಲ್ಲ. ಇದನ್ನು ಪರವಾನಿಗೆ ಪಡೆದ ಎಲೆಕ್ಟ್ರಿಷಿಯನ್‌ರಿಂದಲೇ ಸರಿಪಡಿಸಿಕೊಳ್ಳಬೇಕು.

ಯಂತ್ರದೊಳಗೆ

ಗೋಡೆಯ ವಿದ್ಯುತ್ತನ್ನು 12, 5 ಮತ್ತು 3.3 ವೋಲ್ಟುಗಳಿಗೆ ಇಳಿಸಿ ಯಂತ್ರಕ್ಕೆ ಉಣಿಸುವ ಲೋಹದ ಪೆಟ್ಟಿಗೆಯೇ ಎಸ್‌ಎಂಪಿಎಸ್. ಚಾಲನೆಗೊಳ್ಳದ ಯಂತ್ರಗಳಲ್ಲಿ ಮೊದಲು ಸಂಶಯಿಸಬೇಕಾದ ಭಾಗವಿದು. ಈ ಪೆಟ್ಟಿಗೆಯನ್ನು ಮನೆಯವರು ಎಂದಿಗೂ ಬಿಚ್ಚಬಾರದು. ಇದರೊಳಗಿನ ಕೆಪಾಸಿಟರುಗಳಲ್ಲಿ 300 ವೋಲ್ಟಿಗೂ ಮಿಕ್ಕಿದ ವಿದ್ಯುತ್ ಪ್ಲಗ್ ತೆಗೆದ ನಂತರವೂ ಕೆಲಕಾಲ ಉಳಿದಿರಬಹುದು, ಅದು ಪ್ರಾಣಾಪಾಯಕಾರಿ.

ಕ್ಯಾಬಿನೆಟಿನ ಪಕ್ಕದ ಹಲಗೆಯನ್ನಾದರೋ ಪ್ಲಗ್ ತೆಗೆದ ನಂತರ ತೆರೆದು ನೋಡಲು ಅಡ್ಡಿಯಿಲ್ಲ. ಮೊದಲು ಕ್ಯಾಬಿನೆಟಿನ ಬಣ್ಣವಿಲ್ಲದ ಲೋಹಭಾಗವನ್ನು ಮುಟ್ಟಿ ಮೈಯ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಿ. ಜಿರಳೆ, ಇರುವೆಗಳು ಗೂಡು ಕಟ್ಟಿವೆಯೇ, ಹಲ್ಲಿ ಸಿಲುಕಿದೆಯೇ, ಇಲಿ ತಂತಿ ಕಡಿದಿದೆಯೇ ಎಂದು ನೋಡಿ. ಮದರ್‌ಬೋರ್ಡಿಗೆ ಸೇರುವ 24 ಪಿನ್ನಿನ ದೊಡ್ಡ ಜೋಡಣೆ ಮತ್ತು ಪ್ರೊಸೆಸರ್ ಬಳಿಯ 4 ಅಥವಾ 8 ಪಿನ್ನಿನ ಸಣ್ಣ ಜೋಡಣೆ ಭದ್ರವಾಗಿವೆಯೇ ಪರಿಶೀಲಿಸಿ. ರ್‍ಯಾಮ್ ಪಟ್ಟಿಯನ್ನು ತೆಗೆದು, ಅದರ ಅಂಚನ್ನು ಒಣ ಶುಭ್ರ ಬಟ್ಟೆಯಿಂದ ಮೃದುವಾಗಿ ಒರೆಸಿ ಮತ್ತೆ ಕೂರಿಸಿ. ಕೊಳವೆಯಾಕಾರದ ಕೆಪಾಸಿಟರುಗಳ ತಲೆ ಉಬ್ಬಿದ್ದರೆ ಬೋರ್ಡು ದುರಸ್ತಿಗೆ ಬಂದಿದೆಯೆಂದರ್ಥ. 2000ರ ದಶಕದ ಮೊದಲ ವರ್ಷಗಳಲ್ಲಿ ತಯಾರಾದ ಬೋರ್ಡುಗಳಲ್ಲಿ ಕಳಪೆ ಕೆಪಾಸಿಟರುಗಳಿಂದ ಈ ದೋಷ ಜಗತ್ತಿನಾದ್ಯಂತ ಕಾಣಿಸಿಕೊಂಡಿತ್ತು.

ಮದರ್‌ಬೋರ್ಡಿನ ಮೇಲೆ ನಾಣ್ಯದಂತಹ 3 ವೋಲ್ಟಿನ ಸಿಆರ್2032 ಬ್ಯಾಟರಿಯಿದೆ. ತಿಂಗಳುಗಟ್ಟಲೆ ಪ್ಲಗ್ ತೆಗೆದಿಟ್ಟರೆ ಇದು ಬೇಗ ಸೋಲುತ್ತದೆ. ಸಾಮಾನ್ಯವಾಗಿ ದಿನಾಂಕ ತಪ್ಪುವುದಷ್ಟೇ ಇದರ ಪರಿಣಾಮ. ಕೆಲವು ಬೋರ್ಡುಗಳಲ್ಲಿ ಯಂತ್ರ ಚಾಲನೆಗೊಳ್ಳಲು ತಡವರಿಸುವುದೂ ಉಂಟು. ಬದಲಾಯಿಸಲು ಆಗುವ ಖರ್ಚು ಅತ್ಯಲ್ಪ.

ಮಳೆಗಾಲದ ಎಚ್ಚರ

ಪಶ್ಚಿಮಕ್ಕೆ ಗುಡ್ಡಗಾಡು, ಪೂರ್ವಕ್ಕೆ ಠಾಣೆ ಖಾರಿ. ಇವೆರಡರ ನಡುವೆ ಇರುವ ಭಾಂಡುಪ್‌ನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಗಾಳಿಯಲ್ಲಿ ತೇವ ತುಂಬಿರುತ್ತದೆ. ತೇವದೊಂದಿಗೆ ಧೂಳು ಸೇರಿದರೆ ಲೋಹದ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ. ಈ ತಿಂಗಳುಗಳಲ್ಲಿ ವಾರಕ್ಕೆ ಎರಡು ಬಾರಿಯಾದರೂ ಅರ್ಧ ಗಂಟೆ ಯಂತ್ರವನ್ನು ಚಾಲನೆಯಲ್ಲಿಡುವುದು ಒಳ್ಳೆಯದು. ಅದರ ಬಿಸುಪಿಗೆ ತೇವ ಆರುತ್ತದೆ.

26 ಜುಲೈ 2005ರ ಮಳೆಯನ್ನು ಕಂಡವರಿಗೆ ನೀರಿನ ಭಯವನ್ನು ವಿವರಿಸಬೇಕಾಗಿಲ್ಲ. ಅಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. ನೆಲಮಾಳಿಗೆ ಮತ್ತು ನೆಲಮಹಡಿಗಳಲ್ಲಿ ಕ್ಯಾಬಿನೆಟನ್ನು ನೆಲದ ಮೇಲಿರಿಸದೆ ಮೇಜಿನ ಮೇಲಿರಿಸುವುದೇ ಕ್ಷೇಮ. ಒಂದು ವೇಳೆ ನೀರು ಹೊಕ್ಕರೆ ಮೊದಲು ಮನೆಯ ಮುಖ್ಯ ಸ್ವಿಚ್ ಆರಿಸಬೇಕು. 'ಒಣಗಿತೇ ನೋಡೋಣ' ಎಂದು ಯಂತ್ರವನ್ನು ಚಾಲನೆಗೊಳಿಸಲೇಬಾರದು. ದಾಖಲೆಗಳು ಅಮೂಲ್ಯವಾಗಿದ್ದರೆ ನೀರು ಹೊಕ್ಕ ಹಾರ್ಡ್ ಡಿಸ್ಕನ್ನು ಬಿಸಿಲಿಗಿಡದೆ, ಬಿಚ್ಚದೆ, ಹಾಗೆಯೇ ದತ್ತಾಂಶ ಮರುಪಡೆಯುವ ಪರಿಣತರ ಬಳಿ ಒಯ್ಯಬೇಕು.

ತಂತ್ರಜ್ಞರು ಬಂದಾಗ

ತಂತ್ರಜ್ಞರು ಮನೆಯಲ್ಲಿಯೇ ಮಾಡಬಹುದಾದ ಎರಡು ಪರೀಕ್ಷೆಗಳನ್ನು ಕೇಳಿ ಮಾಡಿಸಿಕೊಳ್ಳಿ. ಒಂದು, ಸುಸ್ಥಿತಿಯಲ್ಲಿರುವ ಬೇರೊಂದು ಎಸ್‌ಎಂಪಿಎಸ್ ಜೋಡಿಸಿ ನೋಡುವುದು. ಇನ್ನೊಂದು, ಮುಂಬದಿಯ ಗುಂಡಿಯನ್ನು ಬದಿಗಿರಿಸಿ ಮದರ್‌ಬೋರ್ಡಿನ ಚಾಲನಾ ಪಿನ್ನುಗಳಿಂದಲೇ ಯಂತ್ರವನ್ನು ಆರಂಭಿಸುವುದು. ಎರಡನೆಯದರಲ್ಲಿ ಯಂತ್ರ ಎಚ್ಚೆತ್ತರೆ ಕೆಟ್ಟಿರುವುದು ಗುಂಡಿ ಮಾತ್ರ. ಇವನ್ನು ಮಾಡದೆಯೇ ಮದರ್‌ಬೋರ್ಡ್ ಹೋಗಿದೆ ಎಂದವರ ಮಾತನ್ನು ತಕ್ಷಣ ಒಪ್ಪಬೇಕಾಗಿಲ್ಲ. ಹಳೆಯ ಯಂತ್ರಕ್ಕೆ ಬೇಕಾದ ಬಿಡಿಭಾಗಗಳಿಗೆ ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್ ಮಾರುಕಟ್ಟೆ ಬಹುಕಾಲದಿಂದ ಹೆಸರಾಗಿದೆ. ಯಂತ್ರವನ್ನು ಅಂಗಡಿಗೆ ಕಳುಹಿಸುವುದಾದರೆ ಹಾರ್ಡ್ ಡಿಸ್ಕನ್ನು ತೆಗೆಸಿ ಮನೆಯಲ್ಲಿಯೇ ಇರಿಸಿಕೊಳ್ಳಬಹುದು. ವಿದ್ಯುತ್ ದೋಷದ ದುರಸ್ತಿಗೆ ಅದರ ಅಗತ್ಯವಿಲ್ಲ.

ದಾಖಲೆಗಳ ರಕ್ಷಣೆ

ಯಂತ್ರ ದುರಸ್ತಿಯಾಗದಿದ್ದರೂ ಹಾರ್ಡ್ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರಿನ ಮೂಲಕ ಬೇರೊಂದು ಗಣಕಯಂತ್ರಕ್ಕೆ ಜೋಡಿಸಿ ಕಡತಗಳನ್ನು ನಕಲಿಸಿಕೊಳ್ಳಬಹುದು. ಮೇಜುಗಣಕದ ಮೂರೂವರೆ ಇಂಚಿನ ಡಿಸ್ಕಿಗೆ 12 ವೋಲ್ಟ್ ಬೇಕಾಗುವುದರಿಂದ ಸ್ವಂತ ವಿದ್ಯುತ್ ಜೋಡಣೆಯಿರುವ ಅಡಾಪ್ಟರನ್ನೇ ಕೇಳಿ ಪಡೆಯಬೇಕು. ಬಹಳ ಹಳೆಯ ಡಿಸ್ಕುಗಳು ಅಗಲ ಪಟ್ಟಿಯ ಐಡಿಇ ಬಗೆಯವು, ಅನಂತರದವು ಸಾಟಾ ಬಗೆಯವು. ಎರಡಕ್ಕೂ ಹೊಂದುವ ಅಡಾಪ್ಟರುಗಳಿವೆ. ಈಚಿನ ಯಂತ್ರಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗವಿದ್ದರೆ ಅದರ ಮರುಪ್ರಾಪ್ತಿ ಸಂಖ್ಯೆಯೂ ಬೇಕಾಗುತ್ತದೆ.

ಕನ್ನಡಿಗರಿಗೆ ಇಲ್ಲಿ ಇನ್ನೊಂದು ಮಾತು. ಹಿಂದೆ ಬರಹ, ನುಡಿ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಿಸಿದ ಲೇಖನಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಂತೆ ತೋರುತ್ತವೆ. ಕಡತ ಕೆಟ್ಟಿದೆಯೆಂದು ಭಾವಿಸಿ ಅಳಿಸಬೇಡಿ. ಆಯಾ ಅಕ್ಷರಶೈಲಿಯನ್ನು ಅಳವಡಿಸಿದರೆ ಕನ್ನಡ ಮತ್ತೆ ಮೂಡುತ್ತದೆ. ಅನಂತರ ಯೂನಿಕೋಡಿಗೆ ಪರಿವರ್ತಿಸಿ ಇಟ್ಟುಕೊಂಡರೆ ಮುಂದೆ ಈ ತೊಡಕು ಬಾರದು.

ದುರಸ್ತಿಗೆ ಮೀರಿದ ಯಂತ್ರವನ್ನು ಕಸದೊಂದಿಗೆ ಎಸೆಯದೆ ಅಧಿಕೃತ ಇ-ತ್ಯಾಜ್ಯ ಸಂಗ್ರಾಹಕರಿಗೆ ಒಪ್ಪಿಸಬೇಕು. ಆದರೆ ಹಾರ್ಡ್ ಡಿಸ್ಕನ್ನು ಹೊರತೆಗೆದು, ಅದರಲ್ಲಿರುವುದನ್ನು ಎರಡು ಬೇರೆ ಬೇರೆ ಕಡೆ ನಕಲಿಸಿದ ಮೇಲಷ್ಟೇ ಆ ಕೆಲಸ. ಹೊಸ ಯಂತ್ರವನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಬಹುದು. ಅಗಲಿದ ಹಿರಿಯರೊಬ್ಬರು ಬರೆದುಕೊಟ್ಟ ನಾಲ್ಕು ಪುಟಗಳನ್ನು ಮರಳಿ ಬರೆಸಲು ಸಾಧ್ಯವಿಲ್ಲ. ಇಂದು ನಿಮ್ಮ ಗಣಕಯಂತ್ರ ಸರಿಯಾಗಿಯೇ ಚಾಲನೆಗೊಂಡಿದ್ದರೆ, ನಕಲು ಮಾಡಿಕೊಳ್ಳುವ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಿನವಿಲ್ಲ.