ಕೆಮ್ಮಿನ ಔಷಧಗಳ ದುರ್ಬಳಕೆ: ಅಪಾಯಗಳು ಮತ್ತು ಮುನ್ನೆಚ್ಚರಿಕೆಗಳು

ಔಷಧ ಅಂಗಡಿಗಳಲ್ಲಿ ಸುಲಭವಾಗಿ ದೊರೆಯುವ ಕೆಮ್ಮಿನ ಸಿರಪ್‌ಗಳು ನಿರಪಾಯಕಾರಿ ಎಂಬ ಭಾವನೆ ಸರಿಯಲ್ಲ. ಪ್ರಮಾಣ ಮೀರಿ ಅಥವಾ ಅಮಲಿಗಾಗಿ ಸೇವಿಸಿದಲ್ಲಿ ಅವು ಪ್ರಾಣಾಪಾಯ ಉಂಟುಮಾಡಬಹುದು.

ಘಟಕಾಂಶಗಳು ಮತ್ತು ಪರಿಣಾಮಗಳು

1. ಡೆಕ್ಸ್‌ಟ್ರೋಮೆಥಾರ್ಫಾನ್: ಅತಿಯಾದಲ್ಲಿ ವಾಂತಿ, ತೀವ್ರ ಹೃದಯಬಡಿತ, ಭ್ರಮೆ. ಖಿನ್ನತೆಗೆ ನೀಡುವ ಕೆಲವು ಮಾತ್ರೆಗಳೊಂದಿಗೆ ಸೇವಿಸುವುದು ಅಪಾಯಕಾರಿ.
2. ಕೋಡೀನ್: ಅಫೀಮು ವರ್ಗದ ಔಷಧ. ಚಟವಾಗುತ್ತದೆ, ಉಸಿರಾಟವನ್ನು ಕುಗ್ಗಿಸುತ್ತದೆ. ಎಚ್-1 ಅನುಸೂಚಿಗೆ ಸೇರಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಾರಾಟದ ವಿವರವನ್ನು ಪ್ರತ್ಯೇಕ ವಹಿಯಲ್ಲಿ ದಾಖಲಿಸಿ 3 ವರ್ಷ ಇಡತಕ್ಕದ್ದು.
3. ಕ್ಲೋರ್‌ಫೆನಿರಮಿನ್: ತೂಕಡಿಕೆ ತರುತ್ತದೆ. ಸೇವಿಸಿದ ನಂತರ ವಾಹನ ಚಾಲನೆ, ಮದ್ಯಪಾನ ಸಲ್ಲದು.

ಮಕ್ಕಳ ವಿಷಯದಲ್ಲಿ ಎಚ್ಚರಿಕೆ

2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಭಾಗದಲ್ಲಿ ಕಲುಷಿತ ‘ಕೋಲ್ಡ್ರಿಫ್’ ಸಿರಪ್ ಸೇವಿಸಿದ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಪಿಂಡ ವೈಫಲ್ಯದಿಂದ ಮೃತಪಟ್ಟರು. ಅದರಲ್ಲಿ ಶೇ. 48.6ರಷ್ಟು ಡೈಇಥಿಲೀನ್ ಗ್ಲೈಕಾಲ್ ಪತ್ತೆಯಾಗಿತ್ತು. ಅನುಮತಿತ ಮಿತಿ ಶೇ. 0.1 ಮಾತ್ರ. ಈ ವಿಷವು ಬಣ್ಣ, ರುಚಿಯಿಂದ ಗುರುತಿಸಲಾಗದು. ಅದೇ ವರ್ಷದ ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯದ ಸಲಹೆಯಂತೆ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ನೀಡಬಾರದು. 5 ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಶಿಫಾರಸು ಇರುವುದಿಲ್ಲ.

ನಾಗರಿಕರು ಪಾಲಿಸಬೇಕಾದ ಕ್ರಮಗಳು

* ಅಡುಗೆಮನೆಯ ಚಮಚದ ಬದಲು ಬಾಟಲಿಯೊಂದಿಗೆ ಬರುವ ಅಳತೆ ಮುಚ್ಚಳವನ್ನು ಬಳಸುವುದು.
* ರಶೀದಿ ಪಡೆದು, ಬ್ಯಾಚ್ ಸಂಖ್ಯೆ ಹಾಗೂ ಅವಧಿ ಮುಗಿಯುವ ದಿನಾಂಕ ಪರಿಶೀಲಿಸುವುದು.
* ಒಬ್ಬರಿಗೆ ಬರೆದ ಔಷಧವನ್ನು ಇನ್ನೊಬ್ಬರಿಗೆ ನೀಡದಿರುವುದು.
* ಕೆಮ್ಮು ಎರಡು ವಾರ ಮೀರಿದಲ್ಲಿ ಕ್ಷಯರೋಗದ ಪರೀಕ್ಷೆ ಮಾಡಿಸುವುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ.

ಕಳವಾರ ಸೇರಿದಂತೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ಭಾಗದ ಗ್ರಾಮಸ್ಥರು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು. ಔಷಧ ಸೇವನೆಯ ನಂತರ ಮೂತ್ರ ಕಡಿಮೆಯಾದಲ್ಲಿ, ಉಸಿರಾಟಕ್ಕೆ ತೊಂದರೆಯಾದಲ್ಲಿ ಅಥವಾ ಪ್ರಜ್ಞೆ ಮಸುಕಾದಲ್ಲಿ ಕೂಡಲೇ 108ಕ್ಕೆ ಕರೆಮಾಡಿ, ಬಾಟಲಿಯನ್ನು ಆಸ್ಪತ್ರೆಗೆ ಕೊಂಡೊಯ್ಯತಕ್ಕದ್ದು.