ಅಂಬಿಗನಿಗೆ ಪ್ರವೇಶವಿಲ್ಲ

ಹೇಮಾವತಿಯನ್ನು ಹರಿಗೋಲಿನಲ್ಲಿ ದಾಟಿದ ಹಿರಿಯರು ಹೊಳೆನರಸೀಪುರ, ಅರಕಲಗೂಡು ಕಡೆಯ ಹಳ್ಳಿಗಳಲ್ಲಿ ಇಂದಿಗೂ ಸಿಗುತ್ತಾರೆ. ಸೇತುವೆಗಳು ವಿರಳವಾಗಿದ್ದ ಕಾಲದಲ್ಲಿ ಸಂತೆಗೆ ಹೊರಟವರು, ಮದುವೆಯ ದಿಬ್ಬಣದವರು, ಆಚೆ ದಡದಲ್ಲಿ ಹೊಲವಿದ್ದವರು ಎಲ್ಲರೂ ನೀರಿನ ಅಂಚಿನಲ್ಲಿ ನಿಂತು ಅಂಬಿಗನನ್ನು ಕೂಗಿ ಕರೆಯಬೇಕಿತ್ತು. ಅವನ ವಾಹನವೆಂದರೆ ಬಿದಿರಿನ ದಬ್ಬೆಯಲ್ಲಿ ಹೆಣೆದು ಚರ್ಮ ಹೊದಿಸಿದ ಒಂದು ದೊಡ್ಡ ಬುಟ್ಟಿ. ಈಚೆಗೆ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಮತ್ತು ಟಾರು ಬಂದಿವೆ. ಆಕಾರ ಮಾತ್ರ ಬದಲಾಗಿಲ್ಲ.

1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಬಳಿ ಈ ಬುಟ್ಟಿಗಳನ್ನು ಕಂಡು ಬೆರಗಾಗಿದ್ದ. ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ ಎತ್ತುಗಳನ್ನೂ ದಾಟಿಸುತ್ತವೆ, ನೆಟ್ಟಗೆ ಹೋಗದೆ ಸದಾ ತಿರುಗುತ್ತಿರುತ್ತವೆ, ಈ ರಾಜ್ಯದ ಹೊಳೆಗಳಲ್ಲಿ ಬೇರೆ ದೋಣಿಯೇ ಇಲ್ಲ ಎಂದು ಆತ ಬರೆದಿಟ್ಟಿದ್ದಾನೆ. ಹರಿಗೋಲಿಗೆ ಮುಂದು ಹಿಂದು ಎಂಬುದಿಲ್ಲ. ಹುಟ್ಟನ್ನು ಒಂದೇ ಪಕ್ಕಕ್ಕೆ ಹಾಕಿದರೆ ಅದು ಬುಗುರಿಯಂತೆ ಸುತ್ತುತ್ತದೆ. ಅಂಬಿಗ ಮುಂದಕ್ಕೆ ಬಾಗಿ, ಹುಟ್ಟನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ನೀರನ್ನು ತನ್ನತ್ತ ಎಳೆದುಕೊಳ್ಳುತ್ತ, ಸುತ್ತುವ ಬುಟ್ಟಿಯನ್ನು ನೆಟ್ಟಗೆ ಒಯ್ಯಬೇಕು. ಸೆಳವಿದ್ದರೆ ಮೇಲಕ್ಕೆ ಗುರಿಯಿಟ್ಟು ಹೊರಟು ಕೆಳಗಿನ ದಡಕ್ಕೆ ಸೇರಬೇಕು. ಇದು ಕಲಿತು ಬರುವ ವಿದ್ಯೆ. ಆದರೆ ನಮ್ಮಲ್ಲಿ ಇದನ್ನು ಯಾರೂ ಆಟವೆಂದು ಕರೆಯಲಿಲ್ಲ, ಹೊಟ್ಟೆಪಾಡು ಎಂದರು.

ಹುಟ್ಟು ಹಾಕುವುದೇ ಆಟವಾಗಿರುವ ಊರುಗಳೂ ಇವೆ. ಲಂಡನ್ನಿನಲ್ಲಿ, ಅಮೆರಿಕದ ಬಾಸ್ಟನ್ನಿನಲ್ಲಿ ಗುಮಾಸ್ತರು, ಮೇಷ್ಟ್ರುಗಳು, ವೈದ್ಯರು ಬೆಳಗಿನ ಜಾವ ಕ್ಲಬ್ಬಿನ ದೋಣಿಮನೆಗೆ ಹೋಗಿ, ಅಭ್ಯಾಸ ಮಾಡಿ, ಆಮೇಲೆ ಕೆಲಸಕ್ಕೆ ಹೊರಡುತ್ತಾರೆ. ಇವರ ಪಾಲಿನ ದೊಡ್ಡ ಹಬ್ಬ 'ಹೆಡ್ ರೇಸ್'. ಒಲಿಂಪಿಕ್ಸ್‌ನಲ್ಲಿ ದೋಣಿಗಳು ಅಕ್ಕಪಕ್ಕದ ಸಾಲುಗಳಲ್ಲಿ ಒಟ್ಟಿಗೆ ಹೊರಡುತ್ತವೆ. ಅಂಕುಡೊಂಕಾದ, ಕಿರಿದಾದ ನದಿಯಲ್ಲಿ ಅದು ಸಾಧ್ಯವಿಲ್ಲ. ಆದ್ದರಿಂದ ಹೆಡ್ ರೇಸಿನಲ್ಲಿ ಬಸ್ ನಿಲ್ದಾಣದಿಂದ ಬಸ್ಸುಗಳನ್ನು ಬಿಟ್ಟಂತೆ ದೋಣಿಗಳನ್ನು ಒಂದರ ಹಿಂದೊಂದು, ಕೆಲವೇ ಸೆಕೆಂಡುಗಳ ಅಂತರದಲ್ಲಿ ಬಿಡುತ್ತಾರೆ. ಗೆಲುವು ಗಡಿಯಾರದ್ದು. ಮೊದಲು ದಡ ಮುಟ್ಟಿದವನು ಗೆದ್ದಿರಲೇಬೇಕೆಂದಿಲ್ಲ. ಅತಿ ಕಡಿಮೆ ಸಮಯದ ದೋಣಿ ಆ ವರ್ಷದ 'ನದಿಯ ತಲೆಯಾಳು'.

ಇದನ್ನು ರೂಪಿಸಿದವರು ಸ್ಟೀವ್ ಫೇರ್‌ಬೇರ್ನ್ ಎಂಬ ಆಸ್ಟ್ರೇಲಿಯಾ ಮೂಲದ ತರಬೇತುದಾರ. ಚಳಿಗಾಲದಲ್ಲಿ ಹುಡುಗರು ದೋಣಿ ಮುಟ್ಟದೆ ಕುಳಿತರೆ ಬೇಸಿಗೆಯಲ್ಲಿ ಗೆಲ್ಲಲಾರರು, ದೂರ ದೂರ ಹುಟ್ಟು ಹಾಕಿಸಬೇಕು ಎಂಬುದು ಅವರ ನಂಬಿಕೆ. 1926ರ ಡಿಸೆಂಬರ್ 12ರಂದು ಥೇಮ್ಸ್ ನದಿಯಲ್ಲಿ ಮೊದಲ ಸ್ಪರ್ಧೆ ನಡೆಯಿತು. ದೂರ ಸುಮಾರು 6.8 ಕಿಲೋಮೀಟರ್. ಇಂದು ನೂರಾರು ದೋಣಿಗಳು, ಪ್ರತಿಯೊಂದರಲ್ಲೂ ಎಂಟು ಜನ ಹುಟ್ಟಿನವರು, ಚುಕ್ಕಾಣಿಗೆ ಒಬ್ಬರು. ಬಾಸ್ಟನ್ನಿನ ಚಾರ್ಲ್ಸ್ ನದಿಯ ಸ್ಪರ್ಧೆ 1965ರಲ್ಲಿ ಆರಂಭವಾಯಿತು. ಅಲ್ಲಿ ಎಪ್ಪತ್ತು ದಾಟಿದವರಿಗೂ ವಿಭಾಗವಿದೆ.

ಇಷ್ಟು ಕೇಳಿದರೆ ಎಲ್ಲರಿಗೂ ತೆರೆದ ಆಟವೆನಿಸುತ್ತದೆ. ಆದರೆ ಈ ಕ್ಲಬ್ಬುಗಳ ಹೆಸರಿನ ಹಿಂದಿರುವ 'ಹವ್ಯಾಸಿ' ಎಂಬ ಪದಕ್ಕೆ ಬೇರೆಯೇ ಒಂದು ಚರಿತ್ರೆಯಿದೆ.

ಥೇಮ್ಸ್‌ನಲ್ಲಿ ಮೊದಲು ಪಂದ್ಯ ಕಟ್ಟಿದ್ದು ಸಿರಿವಂತರಲ್ಲ, ಅಂಬಿಗರು. ಸೇತುವೆಗಳು ಕಡಿಮೆಯಿದ್ದ ಲಂಡನ್ನಿನಲ್ಲಿ ಜನರನ್ನು ದಾಟಿಸುತ್ತಿದ್ದವರು ಅವರೇ. 1715ರಲ್ಲಿ ಥಾಮಸ್ ಡಾಗೆಟ್ ಎಂಬ ನಟ ಈ ಅಂಬಿಗರ ಪೈಕಿ ಹೊಸದಾಗಿ ಕೆಲಸ ಕಲಿತ ಹುಡುಗರಿಗಾಗಿ ಒಂದು ಸ್ಪರ್ಧೆ ಏರ್ಪಡಿಸಿದ. ಬಹುಮಾನ ಒಂದು ಕೆಂಪು ಕೋಟು ಮತ್ತು ಬೆಳ್ಳಿಯ ಬಿಲ್ಲೆ. ಆ ಸ್ಪರ್ಧೆ ಇಂದಿಗೂ ನಡೆಯುತ್ತಿದೆ. ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ನಡುವಿನ ಪ್ರಸಿದ್ಧ ಪಂದ್ಯ ಶುರುವಾದದ್ದು 1829ರಲ್ಲಿ, ಅಂದರೆ ನೂರಕ್ಕೂ ಹೆಚ್ಚು ವರ್ಷಗಳ ನಂತರ. ಹತ್ತೊಂಬತ್ತನೇ ಶತಮಾನದಲ್ಲಿ ಉತ್ತರ ಇಂಗ್ಲೆಂಡಿನ ಟೈನ್ ನದಿಯ ಹ್ಯಾರಿ ಕ್ಲಾಸ್ಪರ್‌ನಂಥ ದುಡಿಯುವ ಜನ ಹಣಕ್ಕಾಗಿ ಸ್ಪರ್ಧಿಸುತ್ತಿದ್ದರು. ಕ್ಲಾಸ್ಪರ್ ಸ್ವತಃ ದೋಣಿ ಕಟ್ಟುತ್ತಿದ್ದ. ಇಂದಿನ ಉದ್ದನೆಯ, ತೆಳು ಮೈಯ ದೋಣಿಯ ರೂಪಕ್ಕೆ ಅವನ ಕೈಚಳಕದ ಕಾಣಿಕೆ ದೊಡ್ಡದು. 1870ರಲ್ಲಿ ಆತ ತೀರಿಕೊಂಡಾಗ ಶವಯಾತ್ರೆಗೆ ಊರಿಗೆ ಊರೇ ಸೇರಿತ್ತು.

ಇಂಥವರ ಎದುರು ಸೋಲುವುದು ಸಿರಿವಂತ ಯುವಕರಿಗೆ ರುಚಿಸಲಿಲ್ಲ. 1879ರಲ್ಲಿ ಹೆನ್ಲಿ ಸ್ಪರ್ಧೆಯ ಆಡಳಿತದವರು ಹವ್ಯಾಸಿ ಯಾರು ಎಂಬುದಕ್ಕೆ ನಿಯಮ ಬರೆದರು. ಹಣಕ್ಕಾಗಿ ಸ್ಪರ್ಧಿಸಿದವನು ಹವ್ಯಾಸಿಯಲ್ಲ ಎಂದಿದ್ದರೆ ಒಪ್ಪಬಹುದಿತ್ತು. ಅವರು ಅಲ್ಲಿಗೇ ನಿಲ್ಲಲಿಲ್ಲ. ಕೂಲಿಗಾಗಿ ಕುಶಲಕರ್ಮಿಯಾಗಿ, ಯಂತ್ರದ ಕೆಲಸಗಾರನಾಗಿ, ಶ್ರಮಿಕನಾಗಿ ದುಡಿದ ಯಾರೂ ಹವ್ಯಾಸಿಯಲ್ಲ ಎಂದರು. ಬಡಗಿಯೊಬ್ಬ ಜೀವಮಾನದಲ್ಲಿ ಒಂದು ಕಾಸಿನ ಬಹುಮಾನ ಮುಟ್ಟದಿದ್ದರೂ ಹೊರಗೇ. ನಮ್ಮ ರಂಗಭೂಮಿಯಲ್ಲೂ ಹವ್ಯಾಸಿ ತಂಡ, ವೃತ್ತಿ ಕಂಪನಿ ಎಂಬ ಭೇದವಿದೆ. ಆದರೆ ಗಾರೆ ಕೆಲಸದವನು ಹವ್ಯಾಸಿ ನಾಟಕದಲ್ಲಿ ಬಣ್ಣ ಹಚ್ಚಬಾರದೆಂದು ಯಾವ ತಂಡವೂ ಕಾನೂನು ಬರೆಯಲಿಲ್ಲ.

ಇದನ್ನು ವಿರೋಧಿಸಿದವರೂ ಇದ್ದರು. ಆಕ್ಸ್‌ಫರ್ಡ್ ನಿಘಂಟಿನ ಆರಂಭದ ಸಂಪಾದಕರಲ್ಲಿ ಒಬ್ಬರಾದ ಎಫ್.ಜೆ. ಫರ್ನಿವಾಲ್ ದುಡಿಯುವ ಜನರ ಪರವಾಗಿ ನಿಂತರು. 1890ರಲ್ಲಿ ಅಂಥವರನ್ನು ಸೇರಿಸಿಕೊಳ್ಳುವ ಪ್ರತ್ಯೇಕ ಸಂಘವೇ ಹುಟ್ಟಿತು. ಪದಗಳ ಅರ್ಥ ಹುಡುಕುವುದೇ ಕಸುಬಾಗಿದ್ದ ಮನುಷ್ಯ 'ಹವ್ಯಾಸಿ' ಎಂಬ ಒಂದು ಪದಕ್ಕಾಗಿ ಜಗಳವಾಡಿದ್ದು ತಕ್ಕದ್ದೇ.

ನಿಯಮ ಜಗತ್ತಿಗೆಲ್ಲ ಗೊತ್ತಾದದ್ದು 1920ರಲ್ಲಿ. ಅಮೆರಿಕದ ಜಾನ್ ಕೆಲ್ಲಿ ಇಟ್ಟಿಗೆ ಕಟ್ಟುವ ಕೆಲಸ ಮಾಡಿದವರು. ಹೆನ್ಲಿಯಲ್ಲಿ ಅವರ ಅರ್ಜಿ ತಿರಸ್ಕೃತವಾಯಿತು. ಅವರ ಕ್ಲಬ್ಬಿನ ಮೇಲೆ ಹಳೆಯ ನಿಷೇಧವೊಂದು ಇತ್ತೆಂಬುದೂ ನಿಜ, ಆದರೆ ಜನರ ಮನಸ್ಸಿನಲ್ಲಿ ಉಳಿದದ್ದು ಇಟ್ಟಿಗೆಯ ಮಾತು. ಅದೇ ವರ್ಷ ಆಂಟ್‌ವರ್ಪ್ ಒಲಿಂಪಿಕ್ಸ್‌ನಲ್ಲಿ ಕೆಲ್ಲಿ ಬ್ರಿಟನ್ನಿನ ಜ್ಯಾಕ್ ಬೆರೆಸ್‌ಫರ್ಡ್‌ರನ್ನು ಸೋಲಿಸಿ ಚಿನ್ನ ಗೆದ್ದರು. 1936ರಲ್ಲಿ ಆಸ್ಟ್ರೇಲಿಯಾದ ಒಲಿಂಪಿಕ್ ತಂಡದವರು ಪೊಲೀಸರೆಂಬ ಕಾರಣಕ್ಕೆ ಹೆನ್ಲಿಯಿಂದ ಹೊರಗುಳಿದರು. ಗದ್ದಲವೆದ್ದು, 1937ರಲ್ಲಿ ಶ್ರಮಿಕರನ್ನು ಹೊರಗಿಡುವ ಸಾಲನ್ನು ಕಿತ್ತುಹಾಕಲಾಯಿತು. ಹತ್ತು ವರ್ಷಗಳ ಬಳಿಕ ಕೆಲ್ಲಿಯವರ ಮಗ ಅಲ್ಲಿಯೇ ಗೆದ್ದ. ಚಿತ್ರನಟಿ ಗ್ರೇಸ್ ಕೆಲ್ಲಿ ಈ ಹುಡುಗನ ತಂಗಿ.

ನಮ್ಮ ಕಡೆ ಕೈಕೆಲಸದ ಹೆಸರನ್ನು ಮುಚ್ಚಿಡದ ಒಂದು ಪರಂಪರೆಯಿತ್ತು. ಹನ್ನೆರಡನೇ ಶತಮಾನದ ವಚನಕಾರ ಅಂಬಿಗರ ಚೌಡಯ್ಯ ತನ್ನ ಅಂಕಿತದಲ್ಲೇ ಕಸುಬನ್ನು ಇಟ್ಟುಕೊಂಡ. ಹಾಗೆಂದು ನಮ್ಮ ಊರುಗಳಲ್ಲಿ ಹೊಳೆಯ ಜನಕ್ಕೆ ಸಮನಾದ ಮರ್ಯಾದೆ ಸಿಕ್ಕಿತೆಂದು ಹೇಳುವ ಧೈರ್ಯ ಯಾರಿಗೂ ಬರಲಾರದು.

ಭಾರತಕ್ಕೆ ಈ ಆಟ ಬಂದದ್ದು ಬ್ರಿಟಿಷರೊಂದಿಗೆ. ಕಲ್ಕತ್ತಾ ಕ್ಲಬ್ 1858ರದು, ಮದ್ರಾಸಿನದು 1867ರದು. ಅಲ್ಲಿ ಮೊದಲಿಗೆ ಹುಟ್ಟು ಹಿಡಿದವರು ಯುರೋಪಿಯನ್ ವ್ಯಾಪಾರಿಗಳು ಮತ್ತು ಅಧಿಕಾರಿಗಳು. ಹಾಸನದ ಹೊಳೆಗಳು ಅವರ ದೋಣಿಗೆ ಹೇಳಿಮಾಡಿಸಿದವಲ್ಲ. ಎಂಟು ಜನರ ದೋಣಿ ಸುಮಾರು 18 ಮೀಟರ್ ಉದ್ದ, ಅಗಲ ಎರಡೇ ಅಡಿ. ಮಳೆಗಾಲದಲ್ಲಿ ಸೆಳವು, ಬೇಸಿಗೆಯಲ್ಲಿ ಬಂಡೆ ತೋರುವ ಹೇಮಾವತಿಯಲ್ಲಿ ಅದು ಒಂದೇ ಏಟಿಗೆ ಸೀಳಿಹೋದೀತು. ಬಂಡೆಗೆ ತಾಗಿದರೂ ಬಾಗಿ, ಜಾರಿ ಮುಂದೆ ಹೋಗುವ ಹರಿಗೋಲೇ ಇಲ್ಲಿಗೆ ಸರಿ. ಐನೂರು ವರ್ಷಗಳ ಹಿಂದೆ ಪಾಯೆಸ್‌ಗೆ ಬೇರೆ ದೋಣಿ ಕಾಣದಿದ್ದುದಕ್ಕೆ ಇದೂ ಒಂದು ಕಾರಣವಿರಬೇಕು.

1979ರಲ್ಲಿ ಗೊರೂರಿನ ಅಣೆಕಟ್ಟು ಮುಗಿದ ಮೇಲೆ ಹೊಳೆಯ ಸ್ವಭಾವವೇ ಬದಲಾಯಿತು. ಕೆಳಗೆ ಎಡದಂಡೆ ನಾಲೆ ಚನ್ನರಾಯಪಟ್ಟಣದ ಬಯಲಿಗೆ ನೀರು ಹರಿಸಿತು, ಮೇಲೆ ಹಳ್ಳಿಗಳು ಮುಳುಗಿದವು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುತ್ತದೆ. ಆ ಹಿನ್ನೀರು ಅಗಲ, ಉದ್ದ, ಬಹುಪಾಲು ಶಾಂತ. ಉದ್ದ ದೋಣಿ ಕೇಳುವಂಥದೇ ನೀರು. ಆದರೆ ಅಲ್ಲಿ ಕಾಣುವುದು ಹರಿಗೋಲು, ಮೀನಿನ ಬಲೆ ಮತ್ತು ನೀರನ್ನು ಅಂಗೈಯಂತೆ ಬಲ್ಲ ಜನ.

ಇಂಥ ಜನರಿಗೆ ಈ ಆಟದ ಬಾಗಿಲು ತೆರೆದದ್ದು ಹೆಚ್ಚಾಗಿ ಸೇನೆಯ ಮೂಲಕ. ಮಹಾರಾಷ್ಟ್ರದ ನಾಸಿಕ್ ಜಿಲ್ಲೆಯ ಬರದ ಸೀಮೆಯ ತಳೇಗಾಂವ್ ರೋಹಿ ಗ್ರಾಮದ ದತ್ತು ಭೋಕನಾಳ್ ತಂದೆಯೊಂದಿಗೆ ಬಾವಿ ತೋಡುತ್ತಿದ್ದವರು. 1879ರ ನಿಯಮದ ಪ್ರಕಾರ ಅವರಿಗೆ ಹೆನ್ಲಿಯಲ್ಲಿ ಜಾಗವಿಲ್ಲ. 2012ರಲ್ಲಿ ಸೇನೆ ಸೇರಿದ ಮೇಲೆಯೇ ಅವರು ಹುಟ್ಟು ಹಿಡಿದರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಒಬ್ಬರೇ ಹುಟ್ಟು ಹಾಕುವ ವಿಭಾಗದಲ್ಲಿ 13ನೆಯವರಾದರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಸವರ್ಣ ಸಿಂಗ್, ಓಂ ಪ್ರಕಾಶ್, ಸುಖ್‌ಮೀತ್ ಸಿಂಗ್ ಜೊತೆಗೂಡಿ ಚಿನ್ನ ಗೆದ್ದರು.